ಬೆಂಗಳೂರು ದಂಡಿನ ಸಂತ ಮಾರ್ಕನ ದೇವಾಲಯ



ಕೃಷ್ಣಾ ತುಂಗಭದ್ರಾ ನದಿಗಳ ನಡುವಣ ರಾಯಚೂರು ದೋಆಬಿನಲ್ಲಿ ಸಿಂಧನೂರು ಸೀಮೆಯ ಮುಕ್ಕುಂದದಿಂದ ಹೊರಟು, ಮಸ್ಕಿ ಲಿಂಗಸುಗೂರುಗಳನ್ನು ನೋಡಿಕೊಂಡು ಮುದಗಲ್ಲನ್ನು ಸೇರುವ ಪ್ರಯಾಣಿಕನು ಒಂದು ಹಗಲಿನ ಅವಧಿಯಲ್ಲಿ ಎರಡು ಸಾವಿರ ವರ್ಷಗಳಿಗೂ ಮೀರಿದ ಚರಿತ್ರೆಯನ್ನು ಹಾದುಹೋಗುವನು. ಮಸ್ಕಿಯ ಬಂಡೆಯ ಮೇಲೆ ಅಶೋಕ ಚಕ್ರವರ್ತಿಯ ಹೆಸರನ್ನೇ ಹೇಳುವ ಶಾಸನವಿದೆ. ಅದು ವಿದ್ವಾಂಸರ ಕಣ್ಣಿಗೆ ಬಿದ್ದುದು ೧೯೧೫ರಲ್ಲಿ. ಮುದಗಲ್ಲಿನಲ್ಲಿ ವಿಜಯನಗರದವರೂ ಬಿಜಾಪುರದವರೂ ಕಾದಾಡಿದ ಕೋಟೆಯಿದೆ. ಅದೇ ಊರಿನಲ್ಲಿ ಹದಿನಾರನೆಯ ಶತಮಾನದಷ್ಟು ಹಿಂದೆಯೇ, ಆದಿಲ್‌ಶಾಹಿ ಅರಸರ ಆಳಿಕೆಯಲ್ಲಿ, ಗೋವೆಯ ಕಡೆಯಿಂದ ಬಂದ ಪಾದ್ರಿಗಳಿಂದ ನೆಲೆಗೊಂಡ ಕ್ಯಾಥೊಲಿಕ್ ಸಭೆಯೊಂದಿದೆ. ಇವೆರಡರ ನಡುವಣ ಲಿಂಗಸುಗೂರಿನಲ್ಲಿ ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಹೈದರಾಬಾದ್ ಕಂಟಿಂಜೆಂಟ್ ಎಂಬ ಸೈನ್ಯದ ದಂಡು ಬಿಟ್ಟಿದ್ದಿತು. ೧೮೫೩ರಲ್ಲಿ ಇಂಗ್ಲಿಷರ ಕೈಗೆ ಹೋಗಿದ್ದ ದೋಆಬು ೧೮೬೦ರಲ್ಲಿ ನಿಜಾಮರಿಗೆ ಮರಳಿತು; ಕಾಲಕ್ರಮದಲ್ಲಿ ದಂಡೂ ಅಲ್ಲಿಂದ ಹೊರಟುಹೋಯಿತು.

ಸೈನ್ಯವು ಹೊರಟುಹೋದ ಮೇಲೆ ಅದು ಕಟ್ಟಿದುದು ಯಾರದಾಗುವುದು? ಈ ಪ್ರಶ್ನೆಗೆ ಲಿಂಗಸುಗೂರಿನಂಥ ಸಣ್ಣ ನೆಲೆಗಳಲ್ಲಿ ಉತ್ತರ ಹುಡುಕುವುದು ಕಷ್ಟ. ಅಲ್ಲಿ ದಂಡಿನ ಸುತ್ತ ದೊಡ್ಡ ನಗರವೇನೂ ಬೆಳೆಯಲಿಲ್ಲ. ಆದರೆ ಕನ್ನಡ ನಾಡಿನ ಮತ್ತೊಂದು ದಂಡು ಮಹಾನಗರವಾಗಿ ಬೆಳೆಯಿತು. ಅದು ಬೆಂಗಳೂರಿನ ದಂಡು. ಆ ದಂಡಿನ ನಡುವೆ ಕಂಪನಿಯ ಸೈನಿಕರ ಪ್ರಾರ್ಥನೆಗೆಂದು ಎದ್ದ ಒಂದು ದೇವಾಲಯವು ಇಂದು ನಗರದ ಪ್ರಧಾನ ಕ್ರೈಸ್ತ ದೇವಾಲಯಗಳಲ್ಲಿ ಒಂದಾಗಿ, ಧರ್ಮಾಧ್ಯಕ್ಷರ ಪೀಠವಾಗಿ ನಿಂತಿದೆ. ಸೈಂಟ್ ಮಾರ್ಕ್ಸ್ ಕೆಥೀಡ್ರಲ್ ಎಂದು ಪ್ರಸಿದ್ಧವಾದ ಈ ಕಟ್ಟಡದ ಚರಿತ್ರೆಯನ್ನು ನಿಮ್ಮ ಮುಂದೆ ಇಡುವುದು ಈ ಭಾಷಣದ ಉದ್ದೇಶ.

ಮೊದಲು ಕೆಥೀಡ್ರಲ್ ಎಂಬ ಶಬ್ದದ ಅರ್ಥವನ್ನು ತಿಳಿಯುವುದು ಒಳ್ಳೆಯದು. ಅತ್ಯಂತ ದೊಡ್ಡ ಇಗರ್ಜಿಗೆ ಈ ಹೆಸರೆಂದು ಅನೇಕರು ಭಾವಿಸಿರುವರು. ವಾಸ್ತವವಾಗಿ ಆ ಶಬ್ದದ ಮೂಲದಲ್ಲಿರುವುದು ಗಾತ್ರವಲ್ಲ, ಒಂದು ಆಸನ. ಗ್ರೀಕ್ ಲ್ಯಾಟಿನ್ ಭಾಷೆಗಳಲ್ಲಿ ಕೆಥೀಡ್ರ ಎಂದರೆ ಪೀಠ. ಒಂದು ಪ್ರಾಂತದ ಧರ್ಮಾಧ್ಯಕ್ಷನಾದ ಬಿಷಪನ ಪೀಠವು ಯಾವ ದೇವಾಲಯದಲ್ಲಿರುವುದೋ ಅದೇ ಆ ಪ್ರಾಂತದ ಕೆಥೀಡ್ರಲ್. ನಮ್ಮಲ್ಲಿ ಮಠಕ್ಕೂ ಗುರುಪೀಠಕ್ಕೂ ಇರುವ ಸಂಬಂಧವನ್ನು ನೆನೆದರೆ ಇದು ಸುಲಭವಾಗಿ ಮನಸ್ಸಿಗೆ ಬರುವುದು. ಆದುದರಿಂದ ಸಂತ ಮಾರ್ಕನ ದೇವಾಲಯವು ಹುಟ್ಟುವಾಗಲೇ ಕೆಥೀಡ್ರಲ್ ಆಗಿರಲಿಲ್ಲ. ನೂರಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಅದು ದಂಡಿನ ದೇವಾಲಯವಾಗಿಯೇ ಇದ್ದಿತು. ಪೀಠವು ಅಲ್ಲಿಗೆ ಬಂದುದು ಸ್ವತಂತ್ರ ಭಾರತದಲ್ಲಿ. ಈ ಒಂದು ಸಂಗತಿಯು ನಾವು ಮುಂದೆ ಹೇಳುವುದಕ್ಕೆಲ್ಲ ಕೀಲಿಕೈಯಂತಿದೆ.

ಇನ್ನು ಹುಟ್ಟಿನ ಕಥೆಗೆ ಬರೋಣ. ೧೭೯೧ನೆಯ ಮಾರ್ಚಿ ತಿಂಗಳಲ್ಲಿ ಕಾರನ್‌ವಾಲಿಸನ ಸೈನ್ಯವು ಬೆಂಗಳೂರಿನ ಕೋಟೆಯನ್ನು ಹಿಡಿಯಿತು. ೧೭೯೯ನೆಯ ಮೇ ೪ರಂದು ಶ್ರೀರಂಗಪಟ್ಟಣವು ಬಿದ್ದಿತು. ಟೀಪು ಸುಲ್ತಾನನು ಮಡಿದನು. ಮೈಸೂರಿನ ಸಿಂಹಾಸನದಲ್ಲಿ ಬಾಲಕರಾದ ಮುಮ್ಮಡಿ ಕೃಷ್ಣರಾಜ ಒಡೆಯರು ಕುಳಿತರು. ಇಂಗ್ಲಿಷರ ಸೈನ್ಯವು ಶ್ರೀರಂಗಪಟ್ಟಣದಲ್ಲಿಯೇ ನೆಲೆಯೂರಿತು. ಆದರೆ ಕಾವೇರಿಯ ದ್ವೀಪದ ಜ್ವರವು ಯುದ್ಧಕ್ಕಿಂತ ಕ್ರೂರವಾದ ಶತ್ರುವಾಯಿತು. ಸೈನ್ಯಕ್ಕೆ ಎತ್ತರವಾದ, ತಂಪಾದ, ಆರೋಗ್ಯಕರವಾದ ಜಾಗವು ಬೇಕಾಯಿತು. ಸಮುದ್ರಮಟ್ಟದಿಂದ ಮೂರು ಸಾವಿರ ಅಡಿ ಎತ್ತರದ ಬೆಂಗಳೂರಿನ ಮೈದಾನವು ಅದಕ್ಕೆ ಒದಗಿತು. ೧೮೦೯ರ ಹೊತ್ತಿಗೆ ಹಲಸೂರಿನ ಬಳಿ ದಂಡು ನೆಲೆಗೊಂಡಿತು. ಪೆರೇಡು ಮೈದಾನ, ಬ್ಯಾರಕ್ಕುಗಳು, ಅಧಿಕಾರಿಗಳ ಬಂಗಲೆಗಳು, ಬಜಾರುಗಳು ಒಂದರ ಹಿಂದೆ ಒಂದರಂತೆ ಹುಟ್ಟಿದವು. ಇವುಗಳ ಜೊತೆಯಲ್ಲಿಯೇ, ದಂಡಿನ ಬಾಲ್ಯದಲ್ಲಿಯೇ, ೧೮೦೮ರಲ್ಲಿ ದೇವಾಲಯದ ಅಸ್ತಿಭಾರವೂ ಬಿದ್ದಿತು. ೧೮೧೨ರಲ್ಲಿ ಕಟ್ಟಡವು ಪೂರೈಸಿತು.

ಕಟ್ಟಡವು ಮುಗಿದ ಕೂಡಲೆ ಅದರ ಪ್ರತಿಷ್ಠೆಯು ನಡೆಯಲಿಲ್ಲ. ಅದಕ್ಕೆ ೧೮೧೬ರವರೆಗೆ ಕಾಯಬೇಕಾಯಿತು. ಆಂಗ್ಲಿಕನ್ ಪಂಥದಲ್ಲಿ, ಎಂದರೆ ಇಂಗ್ಲೆಂಡಿನ ರಾಜಮಾನ್ಯವಾದ ಕ್ರೈಸ್ತ ಸಭೆಯಲ್ಲಿ, ದೇವಾಲಯವನ್ನು ವಿಧಿವತ್ತಾಗಿ ದೇವರಿಗೆ ಒಪ್ಪಿಸುವ ಅಧಿಕಾರವು ಬಿಷಪನಿಗೆ ಮಾತ್ರ ಉಂಟು. ೧೮೧೨ರಲ್ಲಿ ಇಡೀ ಭಾರತದಲ್ಲಿ ಆ ಪಂಥದ ಬಿಷಪನೊಬ್ಬನೂ ಇರಲಿಲ್ಲ. ೧೮೧೩ರ ಚಾರ್ಟರ್ ಶಾಸನದಲ್ಲಿ ಪಾರ್ಲಿಮೆಂಟು ಭಾರತಕ್ಕೆ ಒಬ್ಬ ಬಿಷಪನನ್ನೂ ಮೂವರು ಆರ್ಚ್‌ಡೀಕನ್ನರನ್ನೂ ಮಂಜೂರು ಮಾಡಿತು. ೧೮೧೪ರಲ್ಲಿ ಥಾಮಸ್ ಮಿಡಲ್‌ಟನ್ನರು ಕಲ್ಕತ್ತೆಯ ಮೊದಲ ಬಿಷಪರಾಗಿ ನೇಮಕಗೊಂಡರು. ಕಂಪನಿಯ ಭಾರತವೆಲ್ಲವೂ ಅವರ ಪ್ರಾಂತವಾಯಿತು. ಹೀಗೆ ಬೆಂಗಳೂರಿನ ದೇವಾಲಯವು ಪ್ರತಿಷ್ಠೆಗೊಂಡುದು ಸುಮಾರು ಸಾವಿರ ಮೈಲಿ ದೂರದ ಕಲ್ಕತ್ತೆಯ ಬಿಷಪರ ಅಧಿಕಾರದಲ್ಲಿ. ೧೮೩೫ರಲ್ಲಿ ಮದ್ರಾಸಿಗೆ ಪ್ರತ್ಯೇಕ ಬಿಷಪರು ಬಂದ ಮೇಲೆ ಅದು ಮದ್ರಾಸು ಪ್ರಾಂತಕ್ಕೆ ಸೇರಿತು.

ಈ ಸಂದರ್ಭದಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಮತಪ್ರಚಾರಕ್ಕಾಗಿ ಈ ದೇವಾಲಯವು ಹುಟ್ಟಲಿಲ್ಲ. ೧೮೧೩ಕ್ಕಿಂತ ಮುಂಚೆ ಕಂಪನಿಯು ತನ್ನ ಸೀಮೆಯಲ್ಲಿ ಮಿಷನರಿಗಳು ಕಾಲಿಡುವುದನ್ನು ಸಂಶಯದಿಂದಲೇ ನೋಡುತ್ತಿದ್ದಿತು; ವ್ಯಾಪಾರಕ್ಕೂ ಆಡಳಿತಕ್ಕೂ ಅದರಿಂದ ತೊಡಕಾದೀತೆಂಬ ಭಯ ಅದಕ್ಕಿದ್ದಿತು. ಆದರೆ ತನ್ನ ಸೈನಿಕರ ಮದುವೆ, ಮಕ್ಕಳ ಸ್ನಾನಸಂಸ್ಕಾರ, ಮರಣದ ವಿಧಿ ಇವುಗಳಿಗಾಗಿ ಸರ್ಕಾರದ ಸಂಬಳದ ಪಾದ್ರಿಗಳನ್ನು ಅದು ಇಟ್ಟುಕೊಂಡಿದ್ದಿತು. ಸಂತ ಮಾರ್ಕನ ದೇವಾಲಯವು ಅಂಥ ಪಾದ್ರಿಗಳ ಕಾರ್ಯಸ್ಥಾನ. ಹೆಸರಿನ ವಿಷಯವಾಗಿಯೂ ಒಂದು ಮಾತು. ಪಕ್ಕದಲ್ಲಿಯೇ ಕಬ್ಬನ್ ಉದ್ಯಾನವೂ ಸರ್ ಮಾರ್ಕ್ ಕಬ್ಬನ್ನರ ನೆನಪೂ ಇರುವುದರಿಂದ, ದೇವಾಲಯಕ್ಕೆ ಆ ಕಮಿಷನರ ಹೆಸರೇ ಬಂದಿರಬಹುದೆಂದು ಯಾರಿಗಾದರೂ ತೋರಬಹುದು. ಕಬ್ಬನ್ನರು ಮೈಸೂರಿನ ಕಮಿಷನರಾದುದು ೧೮೩೪ರಲ್ಲಿ. ಆ ಹೊತ್ತಿಗೆ ದೇವಾಲಯಕ್ಕೆ ಇಪ್ಪತ್ತು ವರ್ಷ ದಾಟಿದ್ದಿತು. ಇಲ್ಲಿ ಸ್ಮರಿಸಲ್ಪಡುವವನು ಯೇಸುವಿನ ಚರಿತ್ರೆಯನ್ನು ಬರೆದ ನಾಲ್ವರಲ್ಲಿ ಒಬ್ಬನಾದ ಸಂತ ಮಾರ್ಕನು.

ದೇವಾಲಯವು ನಿಂತಿರುವ ಜಾಗವೂ ಅರ್ಥವತ್ತಾದುದು. ಅಂದು ಸೌತ್ ಪೆರೇಡ್ ಎನ್ನಿಸಿಕೊಂಡು, ೧೯೪೮ರಿಂದ ಮಹಾತ್ಮಾ ಗಾಂಧಿ ರಸ್ತೆಯೆಂಬ ಹೆಸರನ್ನು ಪಡೆದಿರುವ ಬೀದಿಯ ಪಶ್ಚಿಮದ ತುದಿಯಲ್ಲಿ ಅದು ಇದೆ. ಅದರ ಪೂರ್ವಕ್ಕೆ ದಂಡು. ಪಶ್ಚಿಮಕ್ಕೆ ಉದ್ಯಾನವನ್ನು ದಾಟಿದರೆ ಕೆಂಪೇಗೌಡನ ಪೇಟೆ. ಎರಡು ಊರುಗಳೂ ಎರಡು ಲೋಕಗಳಂತಿದ್ದುವು. ಪೇಟೆಯಲ್ಲಿ ಕನ್ನಡ, ತೆಲುಗು, ಮರಾಠಿ. ದಂಡಿನಲ್ಲಿ ಇಂಗ್ಲಿಷು, ತಮಿಳು, ಉರ್ದು. ೧೮೮೧ರಲ್ಲಿ ಮೈಸೂರು ಸಂಸ್ಥಾನವು ಒಡೆಯರ ವಂಶಕ್ಕೆ ಹಿಂದಿರುಗಿದಾಗಲೂ ದಂಡು ಮಾತ್ರ ಸಿವಿಲ್ ಎಂಡ್ ಮಿಲಿಟರಿ ಸ್ಟೇಷನ್ ಎಂಬ ಹೆಸರಿನಿಂದ ಬ್ರಿಟಿಷ್ ರೆಸಿಡೆಂಟರ ಕೈಯಲ್ಲಿಯೇ ಉಳಿಯಿತು. ಒಂದೇ ಬೆಂಗಳೂರಿನಲ್ಲಿ ಎರಡು ಆಡಳಿತ, ಎರಡು ನಗರಸಭೆ. ಕ್ರೈಸ್ತರಲ್ಲಿಯೂ ಹೀಗೆಯೇ ವಿಭಾಗಗಳಿದ್ದುವು. ಆಂಗ್ಲಿಕನ್ ಪಂಥದವರಲ್ಲಿಯೇ ತಮಿಳು ಮಾತನಾಡುವವರಿಗೆ ೧೮೪೦ರಲ್ಲಿ ಸಂತ ಪಾಲನ ದೇವಾಲಯವು ಬೇರೆಯಾಗಿ ಎದ್ದಿತು. ಕನ್ನಡಿಗರಾದ ಕ್ರೈಸ್ತರು ಪೇಟೆಯ ಕಡೆಯಲ್ಲಿ ಲಂಡನ್ ಮಿಷನ್ ಮತ್ತು ವೆಸ್ಲಿಯನ್ ಮಿಷನ್ನುಗಳ ಸಭೆಗಳಲ್ಲಿ ಸೇರುತ್ತಿದ್ದರು. ದಂಡಿನ ದೊಡ್ಡ ದೇವಾಲಯದ ಘಂಟೆಯು ಅವರ ಕಿವಿಗೆ ಬಿದ್ದರೂ ಅದು ಅವರನ್ನು ಕರೆಯುವ ಘಂಟೆಯಾಗಿರಲಿಲ್ಲ.

ಈಗ ಕಟ್ಟಡದ ಶಿಲ್ಪವನ್ನು ನೋಡೋಣ. ಬೆಂಗಳೂರಿನ ಅನೇಕ ಇಗರ್ಜಿಗಳು ಗಾಥಿಕ್ ಶೈಲಿಯವು. ಚೂಪಾದ ಕಮಾನು, ಮುಗಿಲನ್ನು ಚುಚ್ಚುವ ಗೋಪುರ, ಮೇಲು ಮೇಲಕ್ಕೆ ಎಳೆಯುವ ಗೆರೆಗಳು, ಇವು ಆ ಶೈಲಿಯ ಗುರುತುಗಳು. ಸಂತ ಮಾರ್ಕನ ದೇವಾಲಯವು ಬೇರೆಯ ವಂಶಕ್ಕೆ ಸೇರಿದುದು. ಇಲ್ಲಿ ಕಮಾನು ರೋಮನ್ನರ ಅರ್ಧವೃತ್ತದ ಕಮಾನು. ಶಿಖರದ ಬದಲು ಗುಮ್ಮಟ. ಹೊರಗೋಡೆಯ ತಿಳಿಬಣ್ಣದ ಗಾರೆಯಲ್ಲಿ ಶಾಂತವಾದ ಗಾಂಭೀರ್ಯ. ಲಂಡನ್ನಿನ ಸಂತ ಪಾಲನ ಕೆಥೀಡ್ರಲ್ಲು ಇದಕ್ಕೆ ಮಾದರಿಯೆಂದು ಹೇಳುವುದು ವಾಡಿಕೆ. ಆ ಮಹಾಮಂದಿರವನ್ನು ಸರ್ ಕ್ರಿಸ್ಟಫರ್ ರೆನ್ನನು ೧೬೭೫ರಿಂದ ೧೭೧೦ರ ವರೆಗೆ ಕಟ್ಟಿಸಿದನು. ಗಾತ್ರದಲ್ಲಿ ಅದಕ್ಕೂ ಇದಕ್ಕೂ ಹೋಲಿಕೆಯೇ ಇಲ್ಲ. ಅದರ ಎತ್ತರ ೩೬೫ ಅಡಿ. ಹೋಲಿಕೆಯಿರುವುದು ಭಾವದಲ್ಲಿ, ಗುಮ್ಮಟದ ಕೆಳಗೆ ಜನರನ್ನು ಒಟ್ಟುಗೂಡಿಸುವ ಕಲ್ಪನೆಯಲ್ಲಿ.

ಒಳಗೆ ಹೋದರೆ ಮೊದಲು ಕಾಣುವುದು ಸಭಾಮಂದಿರ. ಅದರ ಕೊನೆಯಲ್ಲಿ ಪವಿತ್ರ ವೇದಿಕೆಯಿರುವ ಭಾಗ. ಇದನ್ನು ಇಂಗ್ಲಿಷಿನಲ್ಲಿ ಚಾನ್ಸೆಲ್ ಎನ್ನುವರು. ನಮ್ಮ ದೇವಾಲಯಗಳ ನವರಂಗಕ್ಕೂ ಗರ್ಭಗೃಹಕ್ಕೂ ಇರುವ ವಿಭಾಗವನ್ನು ಇಲ್ಲಿ ನೆನಪಿಗೆ ತಂದುಕೊಳ್ಳಬಹುದು. ವ್ಯತ್ಯಾಸವೇನೆಂದರೆ ಗರ್ಭಗೃಹವು ಕಿರಿದಾಗಿ ಕತ್ತಲೆಯಾಗಿರುವುದು. ಚಾನ್ಸೆಲ್ಲು ಎಲ್ಲರ ಕಣ್ಣಿಗೂ ಬೀಳುವಂತೆ ತೆರೆದಿರುವುದು. ಈ ದೇವಾಲಯದಲ್ಲಿ ಚಾನ್ಸೆಲ್ಲು ಅರ್ಧವೃತ್ತಾಕಾರವಾಗಿದೆ. ಪ್ರಾಚೀನ ರೋಮಿನ ನ್ಯಾಯಸಭೆಗಳ ಹಿಂಗೋಡೆಯು ಹೀಗೆ ಬಾಗಿರುತ್ತಿದ್ದಿತು. ಕ್ರೈಸ್ತರು ಆ ರೂಪವನ್ನೇ ತಮ್ಮ ಮಂದಿರಗಳಿಗೆ ತೆಗೆದುಕೊಂಡರು. ಇದು ಕನ್ನಡಿಗರ ಕಣ್ಣಿಗೆ ತೀರ ಹೊಸದೂ ಅಲ್ಲ. ಐಹೊಳೆಯ ದುರ್ಗದ ಗುಡಿಯ ಹಿಂಭಾಗವು ಆನೆಯ ಬೆನ್ನಿನಂತೆ ದುಂಡಗೆ ಬಾಗಿರುವುದನ್ನು ನೋಡಿದವರು ಬಲ್ಲರು. ಮರದ ಕೆತ್ತನೆಗಳು, ಬಣ್ಣದ ಗಾಜಿನ ಕಿಟಕಿಗಳು, ಗೋಡೆಗಳಲ್ಲಿ ಕೂರಿಸಿರುವ ಸ್ಮಾರಕ ಫಲಕಗಳು ಒಳಾಂಗಣದ ಅಲಂಕಾರ.

ಗುಮ್ಮಟವೂ ಕನ್ನಡ ನಾಡಿಗೆ ಹೊಸದಲ್ಲ. ಲಂಡನ್ನಿನ ಸಂತ ಪಾಲನ ಗುಮ್ಮಟವು ಏಳುವುದಕ್ಕೆ ಅರ್ಧ ಶತಮಾನ ಮೊದಲೇ, ೧೬೫೬ರ ಹೊತ್ತಿಗೆ, ಬಿಜಾಪುರದಲ್ಲಿ ಗೋಲಗುಮ್ಮಟವು ನಿಂತಿದ್ದಿತು. ಅದರ ಒಳವ್ಯಾಸ ಸುಮಾರು ೧೨೪ ಅಡಿ. ಸಂತ ಪಾಲನ ಗುಮ್ಮಟದ ಒಳವ್ಯಾಸ ನೂರಡಿಗಿಂತ ಸ್ವಲ್ಪವೇ ಹೆಚ್ಚು. ಎರಡರಲ್ಲಿಯೂ ಪಿಸುಮಾತನ್ನು ಎದುರು ದಿಕ್ಕಿಗೆ ಒಯ್ಯುವ ಮೊಗಸಾಲೆ ಉಂಟು. ಆದರೆ ಕಟ್ಟಿದ ಉಪಾಯವು ಬೇರೆ ಬೇರೆ. ಗುಮ್ಮಟವು ತನ್ನ ಭಾರದಿಂದ ಕೆಳಕ್ಕೆ ಮಾತ್ರವಲ್ಲದೆ ಹೊರಕ್ಕೂ ಒತ್ತುತ್ತದೆ. ಆ ಒತ್ತಡವನ್ನು ತಡೆಯದಿದ್ದರೆ ಗೋಡೆಗಳು ಬಿಚ್ಚಿಕೊಂಡು ಎಲ್ಲವೂ ಕುಸಿಯುವುದು. ಬಿಜಾಪುರದ ಶಿಲ್ಪಿಗಳು ಒಂದನ್ನೊಂದು ಹಾಯುವ ಎಂಟು ಕಮಾನುಗಳನ್ನು ಒಳಕ್ಕೆ ಬಾಗಿಸಿ, ಆ ಕಮಾನುಗಳ ಭಾರದಿಂದಲೇ ಹೊರಗಿನ ಒತ್ತಡವನ್ನು ಸರಿತೂಗಿಸಿದರು. ರೆನ್ನನು ಒಳಗೆ ಇಟ್ಟಿಗೆಯ ಗುಮ್ಮಟವೊಂದು, ಅದರ ಮೇಲೆ ಇಟ್ಟಿಗೆಯ ಶಂಕುವೊಂದು, ಹೊರಗೆ ಮರದ ಮೇಲೆ ಸೀಸದ ತಗಡು ಹೊದಿಸಿದ ಗುಮ್ಮಟವೊಂದು, ಹೀಗೆ ಮೂರು ಪದರಗಳನ್ನು ಮಾಡಿ ಬುಡಕ್ಕೆ ಕಬ್ಬಿಣದ ಸರಪಳಿಯನ್ನು ಸುತ್ತಿಸಿದನು. ಗುಮ್ಮಟವನ್ನು ಕಟ್ಟುವುದೆಂದರೆ ಭಾರದೊಡನೆ ಹೂಡುವ ಪಣವೆಂಬುದು ಇದರಿಂದ ತಿಳಿಯುವುದು.

ಆ ಪಣದಲ್ಲಿ ಸಂತ ಮಾರ್ಕನ ದೇವಾಲಯವು ಒಮ್ಮೆ ಸೋತಿತು. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ದಂಡಿನ ಜನಸಂಖ್ಯೆಯು ಬಹಳ ಬೆಳೆದಿದ್ದಿತು. ಹಳೆಯ ಕಟ್ಟಡವು ಸಾಲದೆ ೧೯೦೧ರಲ್ಲಿ ಅದನ್ನು ಹಿಗ್ಗಿಸಿ ಕಟ್ಟುವ ಕಾರ್ಯವನ್ನು ಕೈಗೊಂಡರು. ಕಟ್ಟುತ್ತಿರುವಾಗಲೇ ಕಟ್ಟಡವು ಕುಸಿದುಬಿದ್ದಿತು. ಕೆಲಸವನ್ನು ಮತ್ತೆ ಮೊದಲಿನಿಂದ ನಡೆಸಬೇಕಾಯಿತು. ಹಾಗೆ ಎದ್ದ ದೇವಾಲಯವು ಇನ್ನೂ ಹೊಸತನವನ್ನು ಕಳೆದುಕೊಳ್ಳುವ ಮುನ್ನವೇ, ೧೯೨೩ರಲ್ಲಿ, ಬೆಂಕಿಗೆ ಆಹುತಿಯಾಯಿತು. ಅದನ್ನು ಪುನಃ ಕಟ್ಟಿ ೧೯೨೭ರಲ್ಲಿ ಪೂಜೆಗೆ ತೆರೆದರು. ಇಂದು ನಾವು ನೋಡುತ್ತಿರುವುದು ಈ ಪುನರ್ನಿರ್ಮಾಣದ ರೂಪವನ್ನು. ಅಸ್ತಿಭಾರದ ವರ್ಷವು ೧೮೦೮ ಎಂದು ಓದಿದವರು ಕಣ್ಣೆದುರಿನ ಕಂಬ ಕಮಾನುಗಳೆಲ್ಲವೂ ಅಷ್ಟೇ ಹಳೆಯವೆಂದು ತಿಳಿಯಬಾರದು. ಹಳೆಯದಾಗಿರುವುದು ಸಭೆ ಮತ್ತು ಸಂಕಲ್ಪ. ಇಟ್ಟಿಗೆ ಗಾರೆಗಳು ಇಪ್ಪತ್ತನೆಯ ಶತಮಾನದವು.

ಇಲ್ಲಿ ವಿಚಿತ್ರವಾದ ಒಂದು ಸಾಮ್ಯವು ಕಾಣುವುದು. ಮಾದರಿಯೆನ್ನಿಸಿಕೊಂಡ ಲಂಡನ್ನಿನ ಸಂತ ಪಾಲನ ಮಂದಿರವೂ ಬೆಂಕಿಯಿಂದ ಹುಟ್ಟಿದುದೇ. ೧೬೬೬ರ ಮಹಾದಹನದಲ್ಲಿ ಅಲ್ಲಿಯ ಪುರಾತನ ಕೆಥೀಡ್ರಲ್ಲು ಸುಟ್ಟುಹೋಯಿತು. ಆ ನಷ್ಟದಿಂದಲೇ ರೆನ್ನನಿಗೆ ತನ್ನ ಗುಮ್ಮಟವನ್ನು ಎತ್ತುವ ಅವಕಾಶವು ಒದಗಿತು. ರೂಪವನ್ನು ಮಾತ್ರ ಅನುಕರಿಸಲು ಹೊರಟ ಬೆಂಗಳೂರಿನ ದೇವಾಲಯವು ಮಾದರಿಯ ಕಷ್ಟವನ್ನೂ ಅನುಭವಿಸಿತು. ಕಟ್ಟಡವೊಂದು ಸುಟ್ಟುಹೋದಾಗ ಜನರ ಮುಂದೆ ಎರಡು ದಾರಿಗಳಿರುವುವು: ಬೂದಿಯನ್ನು ಬಿಟ್ಟು ಹೋಗುವುದು, ಅಥವಾ ಕೈಯಿಂದ ಹಣ ಹಾಕಿ ಮತ್ತೆ ಕಟ್ಟುವುದು. ೧೮೦೮ರಲ್ಲಿ ಸೈನ್ಯವೊಂದರ ಅನುಕೂಲಕ್ಕಾಗಿ ಕಟ್ಟಿದುದನ್ನು ನೂರು ವರ್ಷಗಳಾದ ಮೇಲೆ ಎರಡು ಸಲ ಮತ್ತೆ ಕಟ್ಟಿದರೆಂದರೆ, ಅಷ್ಟರಲ್ಲಿ ಅದು ಒಂದು ಊರಿನ ಬಾಳಿನಲ್ಲಿ ಬೇರೂರಿದ್ದಿತೆಂದೇ ಅರ್ಥ.

ಆದರೂ ೧೯೨೭ರಲ್ಲಿ ಅದು ಇನ್ನೂ ಸಾಮ್ರಾಜ್ಯದ ದೇವಾಲಯವೇ. ಬದಲಾವಣೆಯು ಮೊದಲು ಕಾನೂನಿನ ಮೂಲಕ ಬಂದಿತು. ೧೯೨೭ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು ಇಂಡಿಯನ್ ಚರ್ಚ್ ಆಕ್ಟನ್ನು ಅಂಗೀಕರಿಸಿತು. ಅದರಂತೆ ೧೯೩೦ನೆಯ ಮಾರ್ಚಿ ೧ರಂದು ಭಾರತದ ಆಂಗ್ಲಿಕನ್ ಸಭೆಯು ಇಂಗ್ಲೆಂಡಿನ ಸಭೆಯ ಅಧೀನತೆಯನ್ನು ಬಿಟ್ಟು ಭಾರತ, ಬರ್ಮಾ, ಸಿಂಹಳಗಳ ಸ್ವತಂತ್ರ ಸಭೆಯಾಯಿತು. ದೇಶಕ್ಕೆ ಸ್ವರಾಜ್ಯವು ಬರುವುದಕ್ಕೆ ಹದಿನೇಳು ವರ್ಷ ಮೊದಲೇ ಈ ಸಭೆಗೆ ಒಂದು ಬಗೆಯ ಸ್ವರಾಜ್ಯವು ಬಂದಿತೆನ್ನಬಹುದು.

ಅದೇ ಕಾಲದಲ್ಲಿ, ನಿಜಾಮರ ಸೀಮೆಯ ಡೋರ್ನಕಲ್ಲಿನಲ್ಲಿ, ಭಾರತೀಯರಲ್ಲಿ ಮೊತ್ತಮೊದಲಿಗೆ ಆಂಗ್ಲಿಕನ್ ಬಿಷಪರಾದ ಅಜರಯ್ಯನವರು ಬೇರೊಂದು ಬಗೆಯ ಕೆಥೀಡ್ರಲ್ಲನ್ನು ಕಟ್ಟಿಸುತ್ತಿದ್ದರು. ಅವರು ಬಿಷಪರಾದುದು ೧೯೧೨ರಲ್ಲಿ. ಅವರ ದೇವಾಲಯವು ಪ್ರತಿಷ್ಠೆಗೊಂಡುದು ೧೯೩೯ರಲ್ಲಿ. ಈ ದೇಶದ ಗುಡಿಗಳ ಕಂಬಗಳನ್ನೂ ಮಸೀದಿಗಳ ಗುಮ್ಮಟ ಮಿನಾರುಗಳನ್ನೂ ಅವರು ಅಲ್ಲಿ ಒಂದುಗೂಡಿಸಿದರು. ಪೂಜಿಸುವವರು ಭಾರತೀಯರಾದ ಮೇಲೆ ಪೂಜಾಮಂದಿರದ ರೂಪವೂ ಭಾರತೀಯವಾಗಿರಬೇಕೆಂಬುದು ಆ ಕಟ್ಟಡವು ಸಾರುವ ತತ್ತ್ವ. ಇದನ್ನು ನೋಡಿದವರು ಬೆಂಗಳೂರಿನ ದೇವಾಲಯವನ್ನು ಕಂಡು, ಪರದೇಶದ ಅಚ್ಚಿನಿಂದ ತೆಗೆದ ಈ ರೂಪವು ನಮ್ಮದಾಗುವುದು ಹೇಗೆಂದು ಕೇಳಬಹುದು. ಪ್ರಶ್ನೆಯು ನ್ಯಾಯವಾದುದೇ. ಅದಕ್ಕೆ ಉತ್ತರವನ್ನು ಕೊಟ್ಟುದು ಶಿಲ್ಪಿಯಲ್ಲ, ೧೯೪೭ನೆಯ ಇಸವಿ.

ಆ ವರ್ಷದ ಮೂರು ದಿನಾಂಕಗಳನ್ನು ಶ್ರೋತೃಗಳು ದಯಮಾಡಿ ಗಮನಿಸಬೇಕು. ಜುಲೈ ೨೬ರಂದು ಸಿವಿಲ್ ಎಂಡ್ ಮಿಲಿಟರಿ ಸ್ಟೇಷನ್ನು ಮೈಸೂರು ಮಹಾರಾಜರ ಸರ್ಕಾರಕ್ಕೆ ಹಿಂದಿರುಗಿತು. ಆಗಸ್ಟು ೧೫ರಂದು ಭಾರತವು ಸ್ವತಂತ್ರವಾಯಿತು. ಸೆಪ್ಟೆಂಬರು ೨೭ರಂದು ಮದ್ರಾಸಿನ ಸಂತ ಜಾರ್ಜನ ಕೆಥೀಡ್ರಲ್ಲಿನಲ್ಲಿ ದಕ್ಷಿಣ ಭಾರತ ಸಭೆಯು, ಎಂದರೆ ಚರ್ಚ್ ಆಫ್ ಸೌತ್ ಇಂಡಿಯಾ, ಉದ್ಘಾಟನೆಗೊಂಡಿತು. ಮೊದಲ ದಿನಕ್ಕೂ ಕೊನೆಯ ದಿನಕ್ಕೂ ಇರುವ ಅಂತರವು ಅರುವತ್ತಮೂರು ದಿನ. ಇಷ್ಟರೊಳಗೆ ಸಂತ ಮಾರ್ಕನ ದೇವಾಲಯದ ನೆಲದ ಮೇಲಣ ಆಡಳಿತವು ಬದಲಾಯಿತು, ದೇಶದ ಒಡೆತನವು ಬದಲಾಯಿತು, ಆ ದೇವಾಲಯವು ಸೇರಿದ್ದ ಸಭೆಯೇ ಬದಲಾಯಿತು. ಒಂದು ಇಟ್ಟಿಗೆಯೂ ಜಾಗ ಬಿಟ್ಟು ಕದಲಲಿಲ್ಲ. ಮುಂದೆ ೧೯೪೯ರಲ್ಲಿ ದಂಡಿನ ನಗರಸಭೆಯೂ ಪೇಟೆಯ ನಗರಸಭೆಯೂ ಸೇರಿ ಒಂದೇ ಬೆಂಗಳೂರಾಯಿತು.

ದಕ್ಷಿಣ ಭಾರತ ಸಭೆಯ ಸ್ಥಾಪನೆಯ ಮಹತ್ವವೇನೆಂಬುದನ್ನು ಕ್ರೈಸ್ತರಲ್ಲದವರಿಗೆ ಸ್ವಲ್ಪ ವಿವರಿಸಬೇಕಾಗಿದೆ. ಆಂಗ್ಲಿಕನ್ನರಿಗೆ ಬಿಷಪರುಂಟು; ಮೆಥೊಡಿಸ್ಟರು, ಪ್ರೆಸ್ಬಿಟೀರಿಯನ್ನರು, ಕಾಂಗ್ರಿಗೇಷನಲ್ ಪಂಥದವರು ಇವರುಗಳಲ್ಲಿ ಈ ಐಕ್ಯಕ್ಕೆ ಸೇರಿದ ಸಭೆಗಳಿಗೆ ಬಿಷಪರಿರಲಿಲ್ಲ. ಈ ಭೇದದಿಂದ ಹುಟ್ಟಿದ ವಾದಗಳು ಯೂರೋಪಿನಲ್ಲಿ ಶತಮಾನಗಳ ಕಾಲ ನಡೆದುವು. ಬಿಷಪರನ್ನು ಒಪ್ಪಿದ ಸಭೆಯೂ ಒಪ್ಪದ ಸಭೆಗಳೂ ಒಂದೇ ಆಗಿ ಬೆರೆತುದು ಮೊದಲು ದಕ್ಷಿಣ ಭಾರತದಲ್ಲಿ. ಇದಕ್ಕಾಗಿ ಬಹುಕಾಲ ದುಡಿದ ಅಜರಯ್ಯನವರು ೧೯೪೫ರಲ್ಲಿಯೇ ತೀರಿಕೊಂಡು, ಫಲವನ್ನು ಕಣ್ಣಾರೆ ಕಾಣದೆ ಹೋದರು. ತಮ್ಮ ಜಗಳಗಳನ್ನು ಹೊತ್ತು ತಂದವರು ಪಾಶ್ಚಾತ್ಯರು. ಅವುಗಳನ್ನು ಇಳಿಸಿ ಇಡುವ ದಾರಿಯನ್ನು ತೋರಿಸಿದುದು ಈ ನಾಡು.

ಬೆಂಗಳೂರಿನಲ್ಲಿ ಈ ಐಕ್ಯದ ಅರ್ಥವೇನಾಯಿತು? ಪೇಟೆಯ ಅಂಚಿನಲ್ಲಿರುವ ಹಡ್ಸನ್ ಸ್ಮಾರಕ ದೇವಾಲಯವು ೧೯೦೪ರಲ್ಲಿ ವೆಸ್ಲಿಯನ್ ಮಿಷನ್ನಿನ ಕನ್ನಡ ಸಭೆಗಾಗಿ ಎದ್ದುದು. ಪೇಟೆಯ ಒಳಗಿರುವ ರೈಸ್ ಸ್ಮಾರಕ ದೇವಾಲಯವು ಲಂಡನ್ ಮಿಷನ್ನಿನ ಕನ್ನಡ ಸಭೆಯದು. ಅದು ಯಾರ ಹೆಸರನ್ನು ಹೊತ್ತಿದೆಯೋ ಆ ಬೆಂಜಮಿನ್ ರೈಸರ ಮಗನೇ ನಮ್ಮ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕದಲ್ಲಿ ಸಂಗ್ರಹಿಸಿಕೊಟ್ಟ ಬಿ. ಎಲ್. ರೈಸರು. ಈ ಕನ್ನಡ ಸಭೆಗಳೂ, ತಮಿಳರ ಸಂತ ಪಾಲನ ಸಭೆಯೂ, ದಂಡಿನ ಇಂಗ್ಲಿಷರ ಸಂತ ಮಾರ್ಕನ ಸಭೆಯೂ ಈಗ ಒಂದೇ ಮನೆಯ ಮಕ್ಕಳಾದುವು. ೧೯೭೦ರಲ್ಲಿ ಹಳೆಯ ಮೈಸೂರು ಪ್ರಾಂತವು ಮೂರಾಗಿ ಹಂಚಿಕೆಯಾದ ಮೇಲೆ ಕರ್ನಾಟಕ ಮಧ್ಯ ಪ್ರಾಂತದ ಬಿಷಪರ ಪೀಠವು ಸಂತ ಮಾರ್ಕನ ದೇವಾಲಯದಲ್ಲಿ ನೆಲೆಸಿದೆ. ಒಂದು ಕಾಲದಲ್ಲಿ ಯಾವ ಜನರನ್ನು ಕರೆಯದ ಘಂಟೆಯಿದ್ದಿತೋ ಆ ಜನರ ಮನೆತನಗಳಲ್ಲಿ ಹುಟ್ಟಿದವರೇ ಅಲ್ಲಿ ಇಂದು ವೇದಿಕೆಯ ಮುಂದೆ ನಿಲ್ಲುವರು. ಕೆಥೀಡ್ರಲ್ ಎಂಬ ಬಿರುದು ಆ ಕಟ್ಟಡಕ್ಕೆ ಸಂದುದು ಸಾಮ್ರಾಜ್ಯವು ಹೋದ ಮೇಲೆ. ಭಾರತೀಯ ಸಭೆಯೊಂದು ಕೊಟ್ಟ ಬಿರುದು ಅದು.

ಆದರೆ ಹಿಂದಿನದು ಅಳಿಸಿಹೋಗಿಲ್ಲ. ಗೋಡೆಗಳ ಮೇಲಣ ಫಲಕಗಳನ್ನು ನಿಧಾನವಾಗಿ ಓದಿದವರಿಗೆ ಅದು ತಿಳಿಯುವುದು. ಮದ್ರಾಸು ಸೈನ್ಯದ ಅಧಿಕಾರಿಗಳು, ಅವರ ಹೆಂಡಿರು ಮಕ್ಕಳು ಇವರ ಹೆಸರುಗಳಿಗೆ ಅಲ್ಲಿ ಸ್ಥಳವಿದೆ. ಯುದ್ಧದಲ್ಲಿ ಸತ್ತವರಿರುವಂತೆ ಕಾಯಿಲೆಯಲ್ಲಿ ಸತ್ತವರೂ ಇರುವರು. ನಮ್ಮನ್ನು ಗೆದ್ದವರ ಹೆಸರುಗಳಿವು, ಇವುಗಳಿಂದ ನಮಗೇನೆಂದು ಮುಖ ತಿರುಗಿಸುವುದು ಸುಲಭ. ಅದಕ್ಕೆ ಬದಲಾಗಿ ಫಲಕವನ್ನು ಶಾಸನದಂತೆ ಓದುವುದು ಚರಿತ್ರೆಯನ್ನು ಬಲ್ಲವರ ಕೆಲಸ. ಮಸ್ಕಿಯ ಬಂಡೆಯನ್ನಾಗಲಿ ಹಳೆಯ ವೀರಗಲ್ಲನ್ನಾಗಲಿ ಓದುವಾಗ, ಕೆತ್ತಿಸಿದವನು ನಮ್ಮ ಮಿತ್ರನೋ ಶತ್ರುವೋ ಎಂದು ಕೇಳುವುದಿಲ್ಲ. ಏನು ಹೇಳಿದ್ದಾನೆ, ಏನನ್ನು ಹೇಳದೆ ಬಿಟ್ಟಿದ್ದಾನೆ ಎಂದು ನೋಡುತ್ತೇವೆ. ಈ ಬಗೆಯ ಫಲಕಗಳು ಸಾಮಾನ್ಯವಾಗಿ ಹೇಳದೆ ಬಿಡುವುದು ಒಂದುಂಟು. ಸುಣ್ಣವನ್ನು ಅರೆದವರು, ಇಟ್ಟಿಗೆ ಹೊತ್ತವರು, ಕಮಾನಿನ ಕೆಳಗೆ ಮರದ ಆಧಾರ ನಿಲ್ಲಿಸಿದವರು, ಕುಸಿದುದನ್ನು ಮತ್ತೆ ಎತ್ತಿದವರು ಇವರ ಹೆಸರುಗಳು ಅಮೃತಶಿಲೆಯಲ್ಲಿ ಕಾಣುವುದಿಲ್ಲ. ಅವರ ಫಲಕವು ಗೋಡೆಯೇ.

ಮುಕ್ಕುಂದದ ದಾರ��ಯಲ್ಲಿ ಕೇಳಿದ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ದಂಡು ಕಟ್ಟಿದುದು, ದಂಡು ಹೋದ ಮೇಲೆ, ಅದನ್ನು ಉಳಿಸಿಕೊಂಡವರದಾಗುವುದು. ಮುದಗಲ್ಲಿನಲ್ಲಿ ಆದಿಲ್‌ಶಾಹಿ ಅರಸರು ಹೋದರೂ ಅಲ್ಲಿಯ ಸಭೆಯು ಉಳಿಯಿತು. ಏಕೆಂದರೆ ಊರವರು ಅದನ್ನು ತಮ್ಮದೆಂದರು. ಬೆಂಗಳೂರಿನಲ್ಲಿ ಕಂಪನಿಯೂ ಹೋಯಿತು, ಸಾಮ್ರಾಜ್ಯವೂ ಹೋಯಿತು. ಒಮ್ಮೆ ಕುಸಿದು, ಒಮ್ಮೆ ಸುಟ್ಟು, ಎರಡು ಸಲವೂ ಎದ್ದ ಗುಮ್ಮಟವು ಉಳಿಯಿತು. ೨೦೦೮ರಲ್ಲಿ ಅದರ ಅಸ್ತಿಭಾರಕ್ಕೆ ಇನ್ನೂರು ವರ್ಷ ತುಂಬಿತು. ಬೆಂಗಳೂರಿಗೆ ಹೋದಾಗ ಮಹಾತ್ಮಾ ಗಾಂಧಿ ರಸ್ತೆಯ ಆ ತುದಿಯಲ್ಲಿ ಸ್ವಲ್ಪ ಹೊತ್ತು ನಿಂತು, ಆ ತಿಳಿಬಣ್ಣದ ಗೋಡೆಗಳನ್ನು ನೋಡಿ ಬನ್ನಿರಿ. ಪರದೇಶದಿಂದ ಬಂದ ರೂಪವೊಂದು ಈ ನೆಲದ ಸುಣ್ಣದಲ್ಲಿ ಹೇಗೆ ಗಟ್ಟಿಗೊಂಡಿತೆಂಬುದು ಅಲ್ಲಿ ಕಾಣುವುದು.